ಮಂದ್ರದ ಭಾರವೂ ಡೆಸಿಬೆಲ್ಲಿನ ಲೆಕ್ಕವೂ

ಭಾದ್ರಪದ ಮಾಸದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬೀದಿಗಳಲ್ಲಿ ಗಣಪತಿಯನ್ನು ನೀರಿಗೆ ಬಿಡುವ ಮೆರವಣಿಗೆ ಹೊರಟಿತೆಂದರೆ, ಮೂರ್ತಿಯು ಕಣ್ಣಿಗೆ ಬೀಳುವುದಕ್ಕೆ ಬಹಳ ಮುಂಚೆಯೇ, ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಸ್ಪೀಕರುಗಳ ಮಂದ್ರಧ್ವನಿಯು ಮನೆಮನೆಯ ಶೀಟಿನ ಮಾಡನ್ನೂ ಅಡುಗೆಮನೆಯ ಸ್ಟೀಲು ಪಾತ್ರೆಗಳನ್ನೂ ಅದುರಿಸಿ, ಒಳಗೆ ಕುಳಿತವರ ಎದೆಗೂಡನ್ನು ಹೊಕ್ಕು ತನ್ನ ಆಗಮನವನ್ನು ಸಾರುತ್ತದೆ. ಇದನ್ನು ಕುರಿತು ಹಿರಿಯರು ಹೇಳುವ ಮಾತು ಒಂದೇ: ನಿಲ್ಲಿಸಿ. ಹುಡುಗರು ಹೇಳುವ ಮಾತೂ ಒಂದೇ: ಇನ್ನಷ್ಟು ಬೇಸ್ ಕೊಡಿ. ಪರಸ್ಪರ ಮುಖ ನೋಡದ ಈ ಎರಡು ಪಕ್ಷಗಳೂ ಒಂದು ವಿಷಯದಲ್ಲಿ ಮಾತ್ರ ಏಕಾಭಿಪ್ರಾಯ ಉಳ್ಳವೆಂಬುದು ನನಗೆ ವಿಚಿತ್ರವಾಗಿ ತೋರುತ್ತದೆ: ಮಂದ್ರನಾದದ ಭಾರವೆಂದರೆ ಅದರ ಜೋರೇ ಎಂದು ಇಬ್ಬರೂ ನಂಬಿದ್ದಾರೆ. ಆ ನಂಬಿಕೆ ತಪ್ಪೆಂಬುದೇ ನನ್ನ ವಾದ.

ಜೋರನ್ನು ಬಯಸುವ ಹುಡುಗರನ್ನು ಸಂಸ್ಕಾರಹೀನರೆಂದು ಜರೆಯುವುದು ಸುಲಭವಾದರೂ ನ್ಯಾಯವಲ್ಲ. ದೇಹದಿಂದ ಕೇಳುವ ಸಂಗೀತ ಈ ಸೀಮೆಗೆ ಹೊಸದೇ? ಪೂಜಾ ಕುಣಿತದವನು ತಲೆಯ ಮೇಲೆ ದೇವತೆಯನ್ನು ಹೊತ್ತು ಕುಣಿಯುವಾಗ ಅವನ ಹೆಜ್ಜೆಯನ್ನು ಎತ್ತಿಸಿ ಇಡಿಸುವುದು ತಮಟೆಯ ಪೆಟ್ಟೇ ಹೊರತು ಬೇರೇನೂ ಅಲ್ಲ. ಆದರೆ ತಮಟೆಯವನು ಬಾರಿಸುವುದಕ್ಕೆ ಮೊದಲು ಹುಲ್ಲುಬೆಂಕಿಯ ಮುಂದೆ ಚರ್ಮವನ್ನು ಕಾಯಿಸಿ, ತಟ್ಟಿ ಕೇಳಿ, ಮತ್ತೆ ಕಾಯಿಸಿ, ನಾದವು ಹದಕ್ಕೆ ಬಂದಿತೆಂದು ತನ್ನ ಕಿವಿ ಒಪ್ಪುವವರೆಗೂ ಮೆರವಣಿಗೆಯನ್ನೂ ಕಾಯಿಸುತ್ತಾನೆ. ಟ್ರ್ಯಾಕ್ಟರಿನ ಮೇಲೆ ಕಾಣೆಯಾಗಿರುವುದು ಈ ಹದಗಾರಿಕೆ. ಅಲ್ಲಿ, ಯಾರೋ ಎಲ್ಲಿಯೋ ಮಾಡಿದ ಹಾಡಿಗೆ ಬೇಸಿನ ತಿರುಗುಣಿಯನ್ನು ಕೊನೆಯವರೆಗೆ ತಿರುಗಿಸುವುದಕ್ಕೇ ಕೌಶಲವೆಂಬ ಹೆಸರಾಗಿದೆ.

ಭಾರವಾದ ಬೇಸನ್ನು ನಿಜವಾಗಿ ಕಟ್ಟುವವರ ಕೆಲಸ ಇದಕ್ಕೆ ತದ್ವಿರುದ್ಧವಾದುದು. ಸಿಂಥಸೈಜರಿನಲ್ಲಿ ಅವರು ಅನೇಕ ವೇಳೆ ಗರಗಸದ ಹಲ್ಲಿನ ಆಕಾರವುಳ್ಳ ಅಲೆಯೊಂದರಿಂದ ಆರಂಭಿಸುತ್ತಾರೆ. ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಾಂಕವುಳ್ಳ ಉಪಸ್ವರಗಳೆಲ್ಲವೂ ಅದರಲ್ಲಿ ಕಿಕ್ಕಿರಿದಿರುವುದರಿಂದ ಅದು ಕೇಳುವುದಕ್ಕೆ ಕರ್ಕಶ. ಚನ್ನಪಟ್ಟಣದ ಗೊಂಬೆಯ ಕುಶಲಕರ್ಮಿಯು ಲೇತಿಗೆ ಕೊಟ್ಟ ಆಲೆಮರದ ತುಂಡಿನಿಂದ ಬೇಡದ್ದನ್ನು ಕಡೆದು ತೆಗೆದು ಬೇಕಾದ ಆಕಾರವನ್ನು ಉಳಿಸಿಕೊಳ್ಳುವಂತೆ, ಇವರು ಫಿಲ್ಟರಿನಿಂದ ಮೇಲಿನ ಉಪಸ್ವರಗಳನ್ನು ಸವರಿ ಸವರಿ ನಾದದ ಮೈಯನ್ನು ರೂಪಿಸುತ್ತಾರೆ. ಆ ಫಿಲ್ಟರನ್ನೇ ತಾಳಕ್ಕೆ ಅನುಗುಣವಾಗಿ ತೆರೆದು ಮುಚ್ಚಿದರೆ ನಾದವು ವೌ ವೌ ಎಂದು ಓಲಾಡುತ್ತದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ದಕ್ಷಿಣ ಲಂಡನ್ನಿನ ಕ್ರಾಯ್ಡನ್ನಿನಲ್ಲಿ ಬೆಳೆದ ಡಬ್‌ಸ್ಟೆಪ್ ಸಂಗೀತವನ್ನು ಲೋಕವು ಗುರುತಿಸಿದುದು ಬಹುಮಟ್ಟಿಗೆ ಈ ಓಲಾಟದಿಂದ. (ಇದೆಲ್ಲ ಪರದೇಶದ ಸರಕೆಂದು ಮೂಗು ಮುರಿಯುವವರಿಗೆ ಒಂದು ಮಾತು: ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗರು ರೋಲೆಂಡ್ ಕಂಪನಿಯ ಟಿಬಿ-303 ಬೇಸ್ ಯಂತ್ರವನ್ನು ಬಳಸಿಕೊಂಡು ಹತ್ತು ರಾಗಗಳನ್ನು ನುಡಿಸಿ ಧ್ವನಿತಟ್ಟೆ ಹೊರಡಿಸಿದುದು 1982ರಲ್ಲಿ, ಶಿಕಾಗೋದ ಕುಣಿತದ ಮನೆಗಳು ಅದೇ ಯಂತ್ರದಿಂದ ಹೊಸ ಸಂಗೀತವನ್ನು ಹುಟ್ಟಿಸಿದುದು ಅದಕ್ಕೂ ಕೆಲವು ವರ್ಷಗಳ ಆಮೇಲೆ.)

ಇಲ್ಲಿ ಕಿವಿಯ ಒಂದು ಸೋಜಿಗವನ್ನು ಹೇಳಬೇಕು. 50 ಹರ್ಟ್ಜ್ ಮಂದ್ರಸ್ವರವನ್ನು ಮೊಬೈಲಿನ ಪುಟ್ಟ ಸ್ಪೀಕರು ಹೊರಡಿಸಲಾರದು. ಆದರೂ 100, 150, 200 ಹರ್ಟ್ಜಿನ ಉಪಸ್ವರಗಳು ಒಟ್ಟಿಗೆ ಕೇಳಿಬಂದರೆ, ಅಲ್ಲಿಲ್ಲದ 50ನ್ನು ನಮ್ಮ ಮನಸ್ಸು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ಆದ್ದರಿಂದ ಬಲ್ಲವನು ಅತ್ಯಂತ ಕೆಳಗಿನ ಸ್ವರವನ್ನು ಶುದ್ಧವಾಗಿ, ಮಿತವಾಗಿ ಇಟ್ಟು, ಅದರ ಮೇಲಣ ಪದರಕ್ಕೆ ಹದವಾದ ವಿಕೃತಿಯನ್ನು ಕೊಟ್ಟು ಉಪಸ್ವರಗಳನ್ನು ಹೆಚ್ಚಿಸುತ್ತಾನೆ. ಶಕ್ತಿಯ ವ್ಯಯವು ಕಡಮೆಯಾಗಿ ಭಾರದ ಅನುಭವ ಹೆಚ್ಚುತ್ತದೆ. ನಾದದ ಗಾಂಭೀರ್ಯವು ಉಪಸ್ವರಗಳ ಹೊಂದಾಣಿಕೆಯಲ್ಲಿದೆ ಎಂಬುದನ್ನು ನಮ್ಮ ಮೃದಂಗ ಮಾಡುವವರು ಬಹು ಹಿಂದೆಯೇ ಕಂಡುಕೊಂಡಿದ್ದರು: ಬಲಮುಖಕ್ಕೆ ಕರಣೆಯೆಂಬ ಲೇಪ ಹಾಕಿ ಉಪಸ್ವರಗಳನ್ನು ಒಂದು ಕ್ರಮಕ್ಕೆ ತಂದರು, ಎಡಮುಖಕ್ಕೆ ಕಲಸಿದ ರವೆಯನ್ನು ಮೆತ್ತಿ ಸ್ವರವನ್ನು ತಗ್ಗಿಸಿದರು. ಈ ಕ್ರಮವನ್ನು ಸಿ.ವಿ. ರಾಮನ್ನರು ವಿಜ್ಞಾನದ ಭಾಷೆಯಲ್ಲಿ ವಿವರಿಸಿ, ಭಾರತೀಯ ಚರ್ಮವಾದ್ಯಗಳನ್ನು ಕುರಿತ ತಮ್ಮ ಪ್ರಬಂಧವನ್ನು ಪ್ರಕಟಿಸಿದುದು 1934ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದಾಗ.

ಮತ್ತೊಂದು ಉಪಾಯ ಇನ್ನೂ ಸೂಕ್ಷ್ಮವಾದುದು. ಡ್ರಮ್ಮಿನ ಪೆಟ್ಟೂ ಬೇಸಿನ ಸ್ವರವೂ ಒಂದೇ ಕೆಳಮಟ್ಟದಲ್ಲಿ ಒಮ್ಮೆಗೇ ಬಿದ್ದರೆ ಎರಡೂ ಕಲಸಿಹೋಗುತ್ತವೆ. ಅದಕ್ಕಾಗಿ ಪ್ರತಿ ಪೆಟ್ಟಿಗೂ ಬೇಸು ಕ್ಷಣಾಂಶ ತಗ್ಗಿ ದಾರಿ ಬಿಟ್ಟು, ಪೆಟ್ಟು ಅಡಗುತ್ತಲೇ ತಾನು ಮೇಲೇಳುವಂತೆ ಏರ್ಪಡಿಸುತ್ತಾರೆ. ಸೈಡ್‌ಚೈನ್ ಎಂದು ಅವರ ಪರಿಭಾಷೆ. ಕುಣಿಯುವವನನ್ನು ಮುಂದಕ್ಕೆಳೆಯುವುದು ಆ ತಗ್ಗಿನಲ್ಲಿರುವ ಬಿಡುವೇ. ನಮ್ಮ ಬೀದಿಯ ಗುಡುಗಿನಲ್ಲಿಯಾದರೋ ಈ ಬಿಡುವೇ ಮಾಯವಾಗಿದೆ. ಆಂಪ್ಲಿಫೈಯರಿನ ಮಿತಿಯನ್ನು ಮೀರಿ ಒತ್ತಿದುದರಿಂದ ಅಲೆಗಳ ತಲೆ ಕತ್ತರಿಸಿಹೋಗಿ, ಪೆಟ್ಟು ಯಾವುದು ಸ್ವರ ಯಾವುದು ಎಂಬುದು ತಿಳಿಯದ ಒಂದೇ ಗೊರಗೊರ ಉಳಿದಿರುತ್ತದೆ. ಅದನ್ನು ಭಾರವೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಇನ್ನು ಕಾನೂನಿನ ವಿಚಾರ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ಲುಗಳ ಮಿತಿಯನ್ನು ವಿಧಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿರ್ಬಂಧಿಸಿವೆ. ನಿಯಮ ಸಾಧುವಾದುದೇ, ಆದರೆ ಅದರ ಅಳತೆಗೋಲಿನಲ್ಲಿ ಒಂದು ದೊಡ್ಡ ಕಿಂಡಿ ಇದೆ. ಅಳೆಯುವುದು ‘ಎ’ ತೂಕದ ಡೆಸಿಬೆಲ್ಲಿನಲ್ಲಿ. ಮೆಲುದನಿಯನ್ನು ಆಲಿಸುವ ಕಿವಿಗೆ ಮಂದ್ರಸ್ವರ ಅಷ್ಟಾಗಿ ಕೇಳಿಸದೆಂಬ ಕಾರಣದಿಂದ, ಈ ತೂಕದಲ್ಲಿ 50 ಹರ್ಟ್ಜಿನ ನಾದಕ್ಕೆ ಸುಮಾರು 30 ಡೆಸಿಬೆಲ್ಲುಗಳ ರಿಯಾಯಿತಿ ದೊರೆಯುತ್ತದೆ. ಎಂದರೆ, ಬಾಗಿಲನ್ನು ಅದುರಿಸುವ 95 ಡೆಸಿಬೆಲ್ಲಿನ ಮಂದ್ರವು ಅಧಿಕಾರಿಯ ಕೈಯ ಯಂತ್ರದಲ್ಲಿ ಸುಮಾರು 65 ಎಂದು ಸೌಮ್ಯವಾಗಿ ನಮೂದಾಗುತ್ತದೆ. ಮಂದ್ರಕ್ಕೆ ಇಷ್ಟು ರಿಯಾಯಿತಿ ಕೊಡದ ‘ಸಿ’ ತೂಕದಲ್ಲಿ ಅಳೆದರೆ ಅದೇ ನಾದ 94ರ ಹತ್ತಿರ ನಿಲ್ಲುತ್ತದೆ. 50 ಹರ್ಟ್ಜಿನ ಅಲೆಯೊಂದರ ಉದ್ದ ಹತ್ತಿರ ಹತ್ತಿರ 7 ಮೀಟರು. ಅಂತಹ ಅಲೆಗೆ ಹೆಂಚಿನ ಮನೆಯ ಗೋಡೆ ಯಾವ ಅಡ್ಡಿ? ತೊಟ್ಟಿಲಿನ ಮಗುವಿಗೂ ಹಾಸಿಗೆ ಹಿಡಿದ ಮುದುಕರಿಗೂ ತಾಗುವುದು, ಯಂತ್ರವು ಲೆಕ್ಕಕ್ಕೆ ತೆಗೆದುಕೊಳ್ಳದ ಈ ಭಾಗವೇ. ಹಬ್ಬ ಬಂದಾಗ ಡಿಜೆ ನಿಷೇಧದ ಆಜ್ಞೆಯನ್ನು ಹೊರಡಿಸುವ ವಾಡಿಕೆ ರಾಜ್ಯದ ಹಲವು ಕಡೆಗಳಲ್ಲಿದೆ; ಬರಿಯ ನಿಷೇಧಕ್ಕಿಂತ, ಮೆರವಣಿಗೆಗಳಿಗೆ ‘ಸಿ’ ತೂಕದ ಒಂದು ಪ್ರತ್ಯೇಕ ಮಿತಿಯನ್ನು ಗೊತ್ತುಮಾಡಿ, ಅನುಮತಿಪತ್ರದಲ್ಲಿಯೇ ಬರೆದುಕೊಡುವುದು ಹೆಚ್ಚು ಪ್ರಯೋಜನಕರವೆಂದು ನನ್ನ ಅಭಿಪ್ರಾಯ.

ಮಿತಿಯೊಳಗೆ ಭಾರವನ್ನು ತರುವುದು ಹೇಗೆಂಬುದನ್ನು ಹುಡುಗರು ಕಲಿಯಬೇಕಾದರೆ ಅವರಿಗೆ ಕಲಿಸುವ ಸ್ಥಳವೂ ಬೇಕಷ್ಟೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಲೋಕಾರ್ಪಣೆ ಮಾಡಿಸಿದ ಜಾನಪದ ಲೋಕವು ರಾಮನಗರದ ಬಳಿ ಹೆದ್ದಾರಿಯ ಪಕ್ಕದಲ್ಲಿಯೇ ಇದೆ. ಅಲ್ಲಿ ಹಬ್ಬಕ್ಕೆ ಮುಂಚೆ ಒಂದು ವಾರ ತಮಟೆಯವರನ್ನೂ ಡಿಜೆ ಹುಡುಗರನ್ನೂ ಒಟ್ಟಿಗೆ ಕೂರಿಸಬಾರದೇಕೆ? ಕಾಯಿಸಿದ ತಮಟೆಯ ಪೆಟ್ಟನ್ನು ಧ್ವನಿಮುದ್ರಿಸಿಕೊಂಡು, ಅದರ ಅಡಿಗೆ ಕ್ಷಣಮಾತ್ರ ಬಾಳುವ ಶುದ್ಧ ಮಂದ್ರವೊಂದನ್ನು ಜೋಡಿಸಿ, ಲ್ಯಾಪ್‌ಟಾಪಿನಲ್ಲಿ ಅವರೇ ಹೊಸ ಬೇಸನ್ನು ಕಟ್ಟಲಿ. ಒಂದು ಷರತ್ತನ್ನು ಮಾತ್ರ ಮೊದಲೇ ಬರೆಸಿಕೊಳ್ಳಬೇಕು: ಪೆಟ್ಟನ್ನು ಪೆಟ್ಟಿಗೆಯೊಳಗೆ ತುಂಬಿಕೊಂಡೆವೆಂಬ ನೆಪದಿಂದ ತಮಟೆಯವನನ್ನು ಮನೆಗೆ ಕಳುಹಿಸಕೂಡದು, ಅವನೂ ಮೆರವಣಿಗೆಯಲ್ಲಿ ನಡೆಯಬೇಕು, ಅವನ ಸಂಭಾವನೆಯೂ ಸ್ಪೀಕರಿನ ಬಾಡಿಗೆಯ ಜೊತೆಯಲ್ಲಿಯೇ ಸಂದಾಯವಾಗಬೇಕು.