ಸುಳ್ಳು ಫಾರ್ವರ್ಡ್ ಬಂದರೆ ಗ್ರೂಪ್‌ನಲ್ಲೇ ಉತ್ತರಿಸಬೇಕೇ, ಒಬ್ಬರಿಗಷ್ಟೇ ಹೇಳಬೇಕೇ?

ಮಳೆಗಾಲದ ರಾತ್ರಿ ಬೈಲಕುಪ್ಪೆಯ ಒಂದು ವಾಟ್ಸ್‌ಆ್ಯಪ್ ಗ್ರೂಪ್‌ಗೆ ‘ಹಾರಂಗಿ ಡ್ಯಾಂ ಒಡೆದಿದೆ, ಎಲ್ಲರಿಗೂ ತಿಳಿಸಿ’ ಎಂಬ ಮೆಸೇಜ್ ಬಂತು ಎಂದುಕೊಳ್ಳಿ. ಕಳಿಸಿದವರು ಊರಿನ ಹಿರಿಯರು. ನಿಮಗೆ ಅನುಮಾನ. ಆಗ ನಾವು ಸಾಮಾನ್ಯವಾಗಿ ಸುಮ್ಮನಿರುತ್ತೇವೆ, ಕೈಮುಗಿಯುವ ಇಮೋಜಿ ಹಾಕುತ್ತೇವೆ, ಇಲ್ಲವೇ ಅವರೊಬ್ಬರಿಗೇ ಫೋನ್ ಮಾಡಿ ಹೇಳುತ್ತೇವೆ. ಕೊನೆಯದು ಮರ್ಯಾದೆಯ ದಾರಿ ಅನ್ನಿಸುತ್ತದೆ. ಆದರೆ ಆ ಮೆಸೇಜ್ ಓದಿದ ಉಳಿದವರಿಗೆ ನಿಮ್ಮ ಮಾತು ತಲುಪುವುದೇ ಇಲ್ಲ.

ಮೌನದ ಬೆಲೆ ಎಷ್ಟು?

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿದವು. ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದರು. ಅದೇ ದಿನಗಳಲ್ಲಿ ಮೈಸೂರಿನಲ್ಲಿ ಟಿಬೆಟಿಯನ್ ಯುವಕನೊಬ್ಬನಿಗೆ ಚೂರಿಯಿಂದ ಇರಿದಿದ್ದರು. ಆ ಒಂದು ನಿಜ ಘಟನೆ ಹತ್ತಾರು ವದಂತಿಗಳಿಗೆ ಬಲ ಕೊಟ್ಟಿತು. ಕೊನೆಗೆ ಕೇಂದ್ರ ಸರ್ಕಾರ ಒಮ್ಮೆಗೆ ಹಲವರಿಗೆ ಎಸ್‌ಎಂಎಸ್ ಕಳಿಸುವುದಕ್ಕೇ ಮಿತಿ ಹಾಕಬೇಕಾಯಿತು.

ಎಸ್‌ಎಂಎಸ್ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ‘ಇದು ಸುಳ್ಳು’ ಎಂದು ಎಲ್ಲರಿಗೂ ಕಾಣುವಂತೆ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಗ್ರೂಪ್‌ನಲ್ಲಿ ಆ ಜಾಗ ಇದೆ. ಬಳಸದಿದ್ದರೆ ಇದ್ದೂ ಇಲ್ಲದಂತೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಶಂಕಿಸಿದರು. ಆ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಗುಂಪಿನ ಹೊಡೆತಕ್ಕೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಸತ್ತರು.

ಹಾಗಾದರೆ ಉತ್ತರಿಸುವುದು ಹೇಗೆ?

• ಅದೇ ಗ್ರೂಪ್‌ನಲ್ಲಿ, ಅದೇ ಮೆಸೇಜನ್ನು ಬಲಕ್ಕೆ ಎಳೆದು ‘ರಿಪ್ಲೈ’ ಮಾಡಿ. ಬಿಡಿಯಾಗಿ ‘ಇದು ಸುಳ್ಳು’ ಎಂದು ಹಾಕಿದರೆ, ಅಷ್ಟರಲ್ಲಿ ಮತ್ತೆ ಇಪ್ಪತ್ತು ಮೆಸೇಜ್ ಬಂದಿರುತ್ತವೆ. ಯಾವುದು ಸುಳ್ಳು ಎಂದೇ ತಿಳಿಯುವುದಿಲ್ಲ.

• ಮಾತು ಮೆಸೇಜಿನ ಬಗ್ಗೆ ಇರಲಿ, ಕಳಿಸಿದವರ ಬಗ್ಗೆ ಬೇಡ. ‘ಅಣ್ಣ, ಇದು ಖಚಿತವಾಗಿಲ್ಲ. ಜಿಲ್ಲೆಯ ಕಂಟ್ರೋಲ್ ರೂಂ 1077ಕ್ಕೆ ಕೇಳಿ ಹೇಳ್ತೀನಿ, ಅಲ್ಲೀವರೆಗೂ ಯಾರೂ ಕಳಿಸಬೇಡಿ’ ಎಂದರೆ ಸಾಕು.

• ಸುಳ್ಳೆಂದು ಗೊತ್ತಿಲ್ಲದೆ ಸುಳ್ಳು ಎನ್ನಬೇಡಿ. ‘ಇದು ಎಲ್ಲಿಂದ ಬಂತು?’ ಎಂದು ಕೇಳುವುದೂ ಉತ್ತರವೇ.

• ಒಬ್ಬರು ತಿದ್ದಿದ ಮೇಲೆ ಹತ್ತು ಜನ ಮುಗಿಬೀಳುವುದು ಬೇಡ. ಹಿರಿಯರಿಗೆ ಬೇಸರವಾಗಿದ್ದರೆ, ಆಗ ಪ್ರತ್ಯೇಕವಾಗಿ ಫೋನ್ ಮಾಡಿ.

• ಕಳಿಸಿದವರು ನೀವೇ ಆಗಿದ್ದರೆ ಡಿಲೀಟ್ ಮಾಡಿ ಸುಮ್ಮನಾಗಬೇಡಿ. ಬೇರೆ ಗ್ರೂಪ್‌ಗೆ ಹೋದ ಪ್ರತಿಗಳು ಅಲ್ಲೇ ಉಳಿಯುತ್ತವೆ. ‘ತಪ್ಪಾಗಿತ್ತು, ಮುಂದೆ ಕಳಿಸಿದ್ದರೆ ಅಲ್ಲೂ ತಿಳಿಸಿ’ ಎಂದು ಬರೆಯಿರಿ.

ಎರಡು ತಪ್ಪು ನಂಬಿಕೆಗಳು

‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಗುರುತು ಇದ್ದರೆ ಸುದ್ದಿ ನಿಜ ಎಂದಲ್ಲ, ಸುಳ್ಳು ಎಂದೂ ಅಲ್ಲ. ಮೂಲ ಬರೆದವರಿಂದ ಅದು ಐದು ಅಥವಾ ಹೆಚ್ಚು ಕೈ ದಾಟಿ ಬಂದಿದೆ ಎಂದಷ್ಟೇ ಅರ್ಥ.

ಇನ್ನೊಂದು: ‘ಯಾರು ಏನೇ ಹಾಕಿದರೂ ಅಡ್ಮಿನ್ ಜೈಲಿಗೆ’. ಸದಸ್ಯರು ಹಾಕಿದ ಪೋಸ್ಟ್‌ಗೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಅಡ್ಮಿನ್ ಕೈಯಲ್ಲಿ ಒಂದು ಅನುಕೂಲವಿದೆ: ಯಾರೇ ಹಾಕಿದ ಮೆಸೇಜನ್ನೂ ಅವರು ಎಲ್ಲರ ಫೋನಿನಿಂದ ಅಳಿಸಬಹುದು. ಅಳಿಸಿದ ಮೇಲೆ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ಇಲ್ಲದಿದ್ದರೆ ‘ಏನೋ ಮುಚ್ಚಿಡುತ್ತಿದ್ದಾರೆ’ ಎಂಬ ಹೊಸ ವದಂತಿ ಅಲ್ಲಿಂದಲೇ ಶುರುವಾಗುತ್ತದೆ.