ಆ ರೀಲ್ ಒಳಗ ಒಬ್ಬ ಮನುಷ್ಯ ಇದ್ದ (ಭಾಗ 7)

ಮೊದ್ಲು ಒಂದು ತಪ್ಪೊಪ್ಪಿಗೆ. ಥರ್ಡ್ ಸೆಮ್ ರಿಸಲ್ಟ್ ದಿನ ನಾನು ಹಾಕಿದ್ದ ರೀಲ್ ನೆನಪದ ಅಲ್ಲ? ರೆಕ್ಕೆನೇ ಇಲ್ಲದ, ದೋಣಿ ಥರದ ಒಂದು ವಿಮಾನ ಬಯಲಿಗೆ ಇಳೀತದ, ಧೂಳೆಬ್ಬಿಸಿ ಪಲ್ಟಿ ಮ್ಯಾಲ ಪಲ್ಟಿ ಹೊಡೀತದ. ಮ್ಯಾಲ "ನಾನು ಮತ್ತು ಕಾಸ್ಟ್ ಅಕೌಂಟಿಂಗ್" ಅಂತ ಬರೆದಿದ್ದೆ. ನನ್ನ ಪೇಜ್‌ನಾಗ ಇವತ್ತಿಗೂ ಜಾಸ್ತಿ ಓಡಿದ್ದು ಅದೇ. ದೋರನಹಳ್ಳಿ ಬಸ್ ಸ್ಟ್ಯಾಂಡ್‌ನಾಗ ಗುರುತಿಲ್ಲದ ಹುಡುಗರೂ "ಏ ಕಾಸ್ಟ್ ಅಕೌಂಟಿಂಗ್" ಅಂತ ಕರೆದ್ರು. ಖುಷಿ ಆಗಿತ್ತು, ಸುಳ್ಳ್ಯಾಕ ಹೇಳಲಿ.

ಆಮೇಲೆ ಯಾರೋ ಕಾಮೆಂಟ್ ಹಾಕಿದ್ರು, ಇದು ಹಳೇ ಅಮೆರಿಕನ್ ಸೀರಿಯಲ್ ಟೈಟಲ್‌ನಾಗ ಬರೋ ಕ್ಲಿಪ್ ಅಂತ. ಹುಡುಕಿದೆ. ಸೀರಿಯಲ್ ಹೆಸರು 'ದಿ ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್', 1974ರಿಂದ 1978ರವರೆಗೆ ಓಡಿದ್ದು. ಕಥೆ ಇಷ್ಟೇ: ಟೆಸ್ಟ್ ಪೈಲಟ್ ಸ್ಟೀವ್ ಆಸ್ಟಿನ್ ವಿಮಾನ ಬೀಳ್ತದ, ಸರ್ಕಾರ ಅರವತ್ತು ಲಕ್ಷ ಡಾಲರ್ ಸುರಿದು ಅವನಿಗೆ ಯಂತ್ರದ ಕಾಲು, ಒಂದು ಕೈ, ಒಂದು ಕಣ್ಣು ಹಾಕ್ತದ. (ಬಿಕಾಂನವರಿಗೆ ಪ್ರಶ್ನೆ: ಇದು ಕ್ಯಾಪಿಟಲ್ ಖರ್ಚೋ, ರಿಪೇರಿ ಖರ್ಚೋ?)

ಕಥೆ ಸುಳ್ಳು, ಆದ್ರ ಕ್ಲಿಪ್ ಖರೇ. 1967 ಮೇ 10ರಂದು ಕ್ಯಾಲಿಫೋರ್ನಿಯಾದ ಒಣಗಿದ ಕೆರೆ ಮ್ಯಾಲ ನಾಸಾದ ಎಂ2-ಎಫ್2 ಬಿದ್ದಿದ್ದು. ಒಳಗ ಬ್ರೂಸ್ ಪೀಟರ್ಸನ್ ಅನ್ನೋ ಪೈಲಟ್ ಇದ್ದ. ದೊಡ್ಡ ಬಿ-52 ವಿಮಾನದ ರೆಕ್ಕೆ ಕೆಳಗ ಕಟ್ಟಿಕೊಂಡು ಹೋಗಿ, ಮ್ಯಾಲಿಂದ ಬಿಟ್ಟು, ಎಂಜಿನ್ ಬಲ ಇಲ್ಲದೆ ಇಳಿಸೋ ಪ್ರಯೋಗ ಅದು. ಇಳಿಯುವಾಗ ಆ ಕಡೆ ಈ ಕಡೆ ಹೊಯ್ದಾಡಿತು. ಸಂಭಾಳಿಸಿದ. ಆದ್ರ ಗಾಲಿ ಪೂರ್ತಿ ಕೆಳಗ ಬಂದು ಲಾಕ್ ಆಗೋದ್ರೊಳಗ ನೆಲ ಬಂದಿತ್ತು. ಆರು ಪಲ್ಟಿ. ಬದುಕಿದ, ಆದ್ರ ಮುಂದೆ ಸೋಂಕಾಗಿ ಒಂದು ಕಣ್ಣು ಹೋಯ್ತು.

ಅಂದ್ರ ಸೀರಿಯಲ್‌ನವನಿಗೆ ಹೊಸ ಕಣ್ಣು ಸಿಕ್ತು. ಖರೇ ಮನುಷ್ಯನಿಗೆ ಇದ್ದ ಕಣ್ಣು ಹೋಯ್ತು. ಪ್ರತಿ ವಾರ ಟೈಟಲ್‌ನಾಗ ಅವನ ಅಪಘಾತ ಮತ್ತೆ ಮತ್ತೆ ಓಡ್ತಿತ್ತು. ಐವತ್ತು ವರ್ಷದ ಮ್ಯಾಲ ನಾನೂ ಓಡಿಸಿದೆ, ನಗೋ ಎಮೋಜಿ ಸಮೇತ.

ಸೀರಿಯಲ್ ಮಾಡಿದವರನ್ನು ಪೂರ್ತಿ ಬೈಯ್ಯೋಕೆ ನಂಗೆ ಮನಸ್ಸಿಲ್ಲ. ಬಿದ್ದವನನ್ನು ಬಿಸಾಡಬ್ಯಾಡ್ರಿ ಅಂತಾದ್ರೂ ಅದು ಹೇಳ್ತು. ಆದ್ರ ಅವರು ಬಿಟ್ಟ ಕಥೆನೇ ನಂಗೆ ಹೆಚ್ಚು ಹಿಡಿಸ್ತು. ಅದೇ ವಿಮಾನವನ್ನು ಎಂಜಿನಿಯರುಗಳು ಮತ್ತೆ ಕಟ್ಟಿದ್ರು, ಹಿಂದೆ ನಡುವೆ ಇನ್ನೊಂದು ಫಿನ್ ಸೇರಿಸಿದ್ರು, ಹೊಯ್ದಾಟ ತಹಬಂದಿಗೆ ಬಂತು. ಎಂ2-ಎಫ್3 ಅಂತ ಹೆಸರಿಟ್ಟು 1970ರಲ್ಲಿ ಹಾರಿಸಿದ್ರು. ಪೀಟರ್ಸನ್ ನಾಸಾದಲ್ಲೇ ಎಂಜಿನಿಯರ್ ಆಗಿ ಕೆಲಸಕ್ಕ ವಾಪಸ್ ಬಂದ. ಸೂಪರ್ ಪವರ್ ಏನೂ ಇಲ್ಲ.

ಈಗ ನಮ್ಮ ಕಡೆ ಬರೋಣ. ಚಳ್ಳಕೆರೆ ಹತ್ರ ಡಿಆರ್‌ಡಿಒ ರನ್‌ವೇ ಅದ. ಅಲ್ಲಿ ಇಸ್ರೋ 'ಪುಷ್ಪಕ್' ಅನ್ನೋ ರೆಕ್ಕೆ ಇರೋ ವಾಹನವನ್ನು ಚಿನೂಕ್ ಹೆಲಿಕಾಪ್ಟರ್‌ನಿಂದ 4.5 ಕಿ.ಮೀ. ಎತ್ತರದಲ್ಲಿ ಬಿಡ್ತು, ಅದು ತಾನಾಗೇ ಬಂದು ಇಳೀತು. 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ. ಕೊನೇ ಸಲ ನೆಲ ಮುಟ್ಟಿದಾಗ ವೇಗ ಗಂಟೆಗೆ 320 ಕಿ.ಮೀ. ದಾಟಿತ್ತು. ಮ್ಯಾಲಿಂದ ಬಿಡೋದು, ತೇಲಿಸಿ ಇಳಿಸೋದು, ಐಡಿಯಾ ಅದೇ ಹಳೇದು. ಒಳಗ ಮನುಷ್ಯ ಇಲ್ಲ, ಅದೊಂದೇ ಸಮಾಧಾನ. ಆ ವಿಡಿಯೋಕ್ಕ ನಾವು ಸಿನಿಮಾ ಬಿಜಿಎಂ ಹಾಕಿ ಸ್ಟೇಟಸ್ ಇಟ್ವಿ. ಆದ್ರ 2023 ಆಗಸ್ಟ್‌ನಾಗ ಹಿರಿಯೂರು ತಾಲೂಕಿನ ಹೊಲದಾಗ ತಪಸ್ ಡ್ರೋನ್ ಬಿತ್ತಲ್ಲ, ಅವತ್ತು ಗ್ರೂಪ್ ತುಂಬ ಮೀಮ್. ನಾನೂ ಫಾರ್ವರ್ಡ್ ಮಾಡೀನಿ. ಬಿದ್ರೆ ನಗೋದು, ಇಳಿದ್ರೆ ಬಿಜಿಎಂ. ಎಲ್ಲಿ ತಪ್ಪಾಗ್ತದ ಅಂತ ನೋಡೋಕೇ ಟೆಸ್ಟ್ ಮಾಡ್ತಾರ ಅನ್ನೋದು ಎರಡರಾಗೂ ಇಲ್ಲ.

ಬೆಂಗಳೂರಿಗೆ ಹೋದವರು ಸುರಂಜನ್ ದಾಸ್ ರೋಡ್ ಹೆಸರು ಬಸ್ ಬೋರ್ಡ್ ಮ್ಯಾಲ ಓದಿರ್ತೀರಿ. ಯಾರವರು ಅಂತ ಕೇಳೀರೇನು? ಎಚ್‌ಎಎಲ್ ಕಟ್ಟಿದ ಮಾರುತ್ ಫೈಟರ್‌ನ ಟೆಸ್ಟ್ ಪೈಲಟ್, ಗ್ರೂಪ್ ಕ್ಯಾಪ್ಟನ್. 1970 ಜನವರಿ 10ರಂದು ಅದೇ ಮಾರುತ್‌ನ ಟೆಸ್ಟ್‌ನಾಗ ತೀರಿಕೊಂಡ್ರು. 2009 ಮಾರ್ಚ್ 6ರಂದು ಬಿಡದಿ ಹತ್ರ ಎನ್‌ಎಎಲ್‌ನ ಸಾರಸ್ ಬಿದ್ದು ಮೂರು ಜನ ವಾಯುಪಡೆಯವರು ಹೋದ್ರು.

ನಮ್ಮ ಮಾವ ಇವತ್ತಿಗೂ ದೂರದರ್ಶನದ 'ಕ್ಯಾಪ್ಟನ್ ವ್ಯೋಮ್' ನೆನೆಸಿಕೊಂಡು ಕಣ್ಣರಳಿಸ್ತಾನ. ನಾನೂ ಒಂದಿಷ್ಟು ಎಪಿಸೋಡ್ ನೋಡಿದೆ, ಮಜಾ ಅದ. ಬಾಹ್ಯಾಕಾಶ ಎಲ್ಲಾ ಅದ, ಆದ್ರ ನಮ್ಮ ಬೆಂಗಳೂರಿನ ಹ್ಯಾಂಗರ್‌ನ ಎಣ್ಣೆ ವಾಸನೆ ಇಲ್ಲ. ಮಾರುತ್ ಹಾರಿಸಿದವರ ಮ್ಯಾಲ ಕನ್ನಡದಾಗ ಒಂದು ವೆಬ್ ಸೀರೀಸ್ ಬಂದ್ರೆ, ಸೈನ್ಸ್ ಫಿಕ್ಷನ್ ಆಗೇ ಮಾಡ್ರಿ, ಬ್ಯಾಡ ಅನ್ನಲ್ಲ. ಟೈಟಲ್‌ನಾಗ ವಿಮಾನದ ಜೊತಿ ಅವರ ಹೆಸರೂ ಹಾಕ್ರಿ ಅಷ್ಟೇ.

ರೀಲ್ ಡಿಲೀಟ್ ಮಾಡಿಲ್ಲ. ಕ್ಯಾಪ್ಶನ್ ಬದಲಿಸೀನಿ: "ಬ್ರೂಸ್ ಪೀಟರ್ಸನ್, ಎಂ2-ಎಫ್2, 10 ಮೇ 1967." ಲೈಕ್ ಕಮ್ಮಿ ಆಗ್ತಾವ, ಆಗ್ಲಿ. ಕಾಸ್ಟ್ ಅಕೌಂಟಿಂಗ್ ಬ್ಯಾಕ್‌ಲಾಗ್ ಪೇಪರ್ ಸೋಮವಾರ ಅದ, ನೋಟ್ಸ್ ಇದ್ದವರು ಡಿಎಂ ಮಾಡ್ರಿ.