ಗಣೇಶಗುಡಿಯ ರಾಫ್ಟು, ಉಳವಿಯ ಚಕ್ಕಡಿ

ದಾಂಡೇಲಿಗೆ ಹೋಗಿದ್ದು ಇದು ನನ್ನ ಮೂರನೇ ಸಲ. ಮೊದಲನೇದು ಇಂಜಿನಿಯರಿಂಗ್ ಕೊನೇ ವರ್ಷ ದೋಸ್ತರ ಜೊತೆ, ಎರಡನೇದು ಆಫೀಸಿನ ಟೀಮ್ ಜೊತೆ. ಏನೇನು ನೋಡಿದ್ರಿ ಅಂತ ಯಾರಾದ್ರೂ ಕೇಳಿದ್ರೆ ರಾಫ್ಟಿಂಗ್, ಜಿಪ್‌ಲೈನ್, ಕ್ಯಾಂಪ್‌ಫೈರ್ ಅಂತ ಮೂರು ಹೆಸರು ಹೇಳಿ ಸುಮ್ಮನಾಗ್ತಿದ್ದೆ. ಮುಂದೆ ಹೇಳೋಕೆ ಏನೂ ಇರ್ತಿರಲಿಲ್ಲ. ಹೋದ ನವೆಂಬರ್ ಕೊನೆಗೆ ಅಪ್ಪ, ಅವ್ವ, ತಂಗಿನ್ನ ಕರ್ಕೊಂಡು ಹೋದೆ. ಬಿಳಿಜೋಳದ ಬಿತ್ತನೆ ಮುಗಿದಿತ್ತು, ತೊಗರಿ ರಾಶಿಗೆ ಇನ್ನೂ ಒಂದು ತಿಂಗಳಿತ್ತು. ಅಪ್ಪ ಊರು ಬಿಟ್ಟು ಬರೋದು ಅಂಥ ಸಂದಿನಲ್ಲೇ.

ನಮ್ಮೂರು ಘೋಣಸಗಿ, ತಿಕೋಟಾ ತಾಲೂಕು. ರಾಜ್ಯದಲ್ಲಿ ಅತಿ ಕಡಿಮೆ ಕಾಡಿರೋ ಜಿಲ್ಲೆಗಳಲ್ಲಿ ವಿಜಯಪುರ ಒಂದು. ನಮ್ಮ ಕಡೆ 'ಅಡವಿ' ಅಂದ್ರೆ ಕಾಡಲ್ಲ, ಊರ ಹೊರಗಿನ ಹೊಲ. 'ಅಡವಿಗೆ ಹೋಗಿ ಬರ್ತೀನಿ' ಅಂದ್ರೆ ಅಪ್ಪ ಹೊಲಕ್ಕೆ ಹೊಂಟಾನೆ ಅಂತ ಅರ್ಥ. ಗಿಡ ಅಂದ್ರೆ ಬೇವು, ಜಾಲಿ, ದೇವರ ಗುಡಿ ಮುಂದೊಂದು ಆಲ. ಹಂಗಾಗಿ ಹಳಿಯಾಳ ದಾಟಿ ರಸ್ತೆಯ ಎರಡೂ ಬದಿ ಸಾಗವಾನಿ ಶುರುವಾದಾಗ ಅಪ್ಪ ಕಾರಿನ ಕಾಜು ಇಳಿಸಿ ಕೇಳಿದ ಮೊದಲ ಪ್ರಶ್ನೆ, "ಇದಕ್ಕ ನೀರು ಯಾರು ಬಿಡ್ತಾರ?"

ದಾರಿ ಹೇಳಿಬಿಡ್ತೀನಿ. ವಿಜಯಪುರದಿಂದ ಬರೋರು ಜಮಖಂಡಿ, ಮುಧೋಳ ಹಾದು ಧಾರವಾಡ ಸೇರಿ, ಅಲ್ಲಿಂದ ಹಳಿಯಾಳದ ಮೇಲೆ ದಾಂಡೇಲಿಗೆ ಬರಬಹುದು. ಬೆಂಗಳೂರಿನವರು ರಾತ್ರಿ ರೈಲಿಗೆ ಧಾರವಾಡಕ್ಕೆ ಬಂದು ಇಳಿದ್ರೆ ಮುಂದೆ ಬಸ್ಸಿನಲ್ಲಿ ಎರಡು ತಾಸಿನ ಆಸುಪಾಸು. ಸ್ವಂತ ಗಾಡಿ ಇಲ್ಲದಿದ್ರೆ ದಾಂಡೇಲಿಯಲ್ಲೇ ಬಾಡಿಗೆ ಜೀಪು ಹಿಡೀರಿ. ನೋಡೋ ಜಾಗ ಎಲ್ಲವೂ ಹತ್ತಿಪ್ಪತ್ತು, ಮೂವತ್ತು ಕಿಲೋಮೀಟರ್ ದೂರದೂರಕ್ಕಿವೆ. ಮ್ಯಾಪನ್ನ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಜೋಯಿಡಾ ಕಡೆ ಹೊಂಟ ಮೇಲೆ ನೆಟ್‌ವರ್ಕ್ ಹೋಗ್ತಾ ಬರ್ತಾ ಇರ್ತದೆ.

ಮೊದಲ ದಿನ ಸಂಜೆ ಬೇರೆಲ್ಲೂ ಹೋಗದೆ ಊರೊಳಗಿನ ಅರಣ್ಯ ಇಲಾಖೆಯ ಟಿಂಬರ್ ಡಿಪೋ ಹತ್ತಿರ ಹೋದ್ವಿ. ಕಡಿದ ಮರ ಒಟ್ಟಿದ ಜಾಗಕ್ಕೆ ಪಕ್ಷಿ ನೋಡೋಕೆ ಹೋಗೋದು ವಿಚಿತ್ರ ಅನಿಸಬಹುದು. ಆದ್ರೆ ಮಂಗಟ್ಟೆ ಹಕ್ಕಿ, ಅಂದ್ರೆ ಹಾರ್ನ್‌ಬಿಲ್, ಇಲ್ಲಿ ಸಿಕ್ಕಷ್ಟು ಸುಲಭಕ್ಕೆ ಕಾಡೊಳಗೆ ಸಿಗಲ್ಲ. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆ ಇವೆ, 2011ರಲ್ಲಿ ಇವಕ್ಕಾಗೇ ಒಂದು ಸಂರಕ್ಷಣಾ ಮೀಸಲು ಪ್ರದೇಶವನ್ನೂ ಮಾಡಿದ್ದಾರೆ. ನಮಗೆ ಸಿಕ್ಕ ಗೈಡ್ ಹುಡುಗ ಹೇಳಿದ: ಹೆಣ್ಣು ಹಕ್ಕಿ ಹಳೇ ಮರದ ಪೊಟರೆಯೊಳಗೆ ಕೂತು ಬಾಗಿಲನ್ನ ಒಳಗಿಂದಲೇ ಮೆತ್ತಿಕೊಳ್ತದೆ. ಕೊಕ್ಕು ಹಿಡಿಸುವಷ್ಟು ಸೀಳು ಮಾತ್ರ ಉಳಿದಿರ್ತದೆ. ಮೊಟ್ಟೆ ಒಡೆದು ಮರಿ ಒಂದಿಷ್ಟು ಬಲಿಯೋತನಕ ಗಂಡು ಹಕ್ಕಿ ಆ ಸೀಳಿನಲ್ಲೇ ಹಣ್ಣು ತಂದು ತಂದು ಕೊಡಬೇಕು. ಅವ್ವ ಅಪ್ಪನ ಕಡೆ ತಿರುಗಿ, "ಕೇಳಿಸ್ಕೊಂಡ್ರ್ಯಾ?" ಅಂದಳು. ಅಪ್ಪ ಮರ ನೋಡ್ತಾ ನಿಂತಿದ್ದ, ಕೇಳಿಸಲಿಲ್ಲ ಅನ್ನೋ ಹಾಗೆ.

ಈ ಹಕ್ಕಿ ತಾನಾಗಿ ಮರ ಕೊರೆಯಲ್ಲ. ಇರೋ ಪೊಟರೆಯನ್ನೇ ಹುಡುಕಬೇಕು, ಅಂಥ ಪೊಟರೆ ಇರೋದು ವಯಸ್ಸಾದ ದೊಡ್ಡ ಮರದಲ್ಲಿ. ಹೊಸದಾಗಿ ಸಾವಿರ ಸಸಿ ನೆಟ್ಟರೂ ಒಂದು ಹಳೇ ಮರ ಬಿದ್ದಿದ್ದಕ್ಕೆ ಬದಲಿ ಆಗಲ್ಲ. ನಮ್ಮ ಟೀಮ್ ಇಲ್ಲಿಗೆ ಬಂದಾಗ ಇದೇ ಡಿಪೋ ಮುಂದೆ ಎರಡು ಸಲ ಹಾದು ಹೋಗಿತ್ತು. ತಲೆ ಎತ್ತಿ ಒಬ್ಬರೂ ನೋಡಿರಲಿಲ್ಲ.

ಎರಡನೇ ದಿನ ಗಣೇಶಗುಡಿ. ರಾಫ್ಟಿಂಗ್ ನಡೆಯೋದು ಇಲ್ಲಿ, ಕಾಳಿ ನದಿಯಲ್ಲಿ. ಉದ್ದನೇ ರಾಫ್ಟಿಂಗ್ ಆದ್ರೆ ಮೌಳಂಗಿ ಕಡೆತನಕ ಹೋಗ್ತದೆ, ಚಿಕ್ಕದು ಒಂದೆರಡು ಕಿಲೋಮೀಟರಿಗೆ ಮುಗೀತದೆ. ಬೇರೆ ಹೊಳೆಗಳಲ್ಲಿ ಮಳೆಗಾಲ ಮುಗಿದು ಸ್ವಲ್ಪ ದಿನಕ್ಕೆ ನೀರು ಇಳಿದು ಬಂಡೆ ಕಾಣ್ತವೆ, ಇಲ್ಲಿ ಬೇಸಿಗೆಯಲ್ಲೂ ರಾಫ್ಟ್ ಓಡ್ತದೆ. ಕಾರಣ ಮೇಲಿರೋ ಸೂಪಾ ಅಣೆಕಟ್ಟು. 101 ಮೀಟರ್ ಎತ್ತರದ ಆ ಗೋಡೆಯ ಬುಡದಲ್ಲಿ ಐವತ್ತೈವತ್ತು ಮೆಗಾವ್ಯಾಟಿನ ಎರಡು ಟರ್ಬೈನ್ ಇವೆ. ಕರೆಂಟ್ ಬೇಕಾದಾಗ ಟರ್ಬೈನ್ ತಿರುಗ್ತವೆ, ತಿರುಗಿಸಿದ ನೀರು ಹೊರಗೆ ಬರ್ತದೆ, ಆ ನೀರಿನ ಮೇಲೆ ನಮ್ಮ ರಾಫ್ಟು. ಅಂದ್ರೆ ನಿಮ್ಮ ಸ್ಲಾಟ್ ನಿಜವಾಗ್ಲೂ ನಿರ್ಧಾರ ಆಗೋದು ಬುಕಿಂಗ್ ಆಪ್‌ನಲ್ಲಲ್ಲ, ಪವರ್‌ಹೌಸ್‌ನಲ್ಲಿ. 'ನೀರು ಬಿಟ್ಟಿಲ್ಲ, ಕಾಯ್ರಿ' ಅಂತ ಹೇಳಿದ್ರೆ ಜಗಳಕ್ಕೆ ಬೀಳಬೇಡಿ. ಮಧ್ಯಾಹ್ನ ಬೇರೆ ಕಾರ್ಯಕ್ರಮ ಇಟ್ಕೊಳ್ಳದೆ ಹೋಗಿ.

ನಾನು, ತಂಗಿ ಚಿಕ್ಕ ರಾಫ್ಟಿಂಗಿಗೆ ದುಡ್ಡು ಕಟ್ಟಿದ್ವಿ. ಅಪ್ಪ-ಅವ್ವ ದಂಡೆ ಮೇಲೆ ಕೂತ್ರು. ಮೊದಲು ಎಂಟು ಮಂದಿ ಹತ್ತಿದ್ವಿ. ಆಮೇಲೆ ಇನ್ನೊಂದು ಕುಟುಂಬದ ನಾಲ್ಕು ಮಂದಿ. ಆಮೇಲೆ 'ಸ್ವಲ್ಪ ಸರೀರಿ ಸರ್, ಚಿಕ್ಕ ಹುಡುಗ್ರು' ಅಂತ ಮತ್ತೆ ಮೂವರು. ತಂಗಿಯ ಲೈಫ್ ಜಾಕೆಟ್‌ನ ಒಂದು ಕ್ಲಿಪ್ಪು ಮುರಿದಿತ್ತು, ಅದನ್ನ ದಾರದಿಂದ ಕಟ್ಟಿದ್ರು. ನನಗೂ ಸರಿ ಅನಿಸಲಿಲ್ಲ, ನಿಜ ಹೇಳ್ತೀನಿ. ಆದ್ರೆ ಅಷ್ಟು ಮಂದಿ ನಡುವೆ ಎದ್ದು ನಿಂತು ಕೇಳೋಕೆ ನಾಚಿಕೆ. ಎಲ್ಲರೂ ಮೊಬೈಲ್ ಎತ್ತಿ ನಗ್ತಿದ್ರು, ನಾನೂ ನಕ್ಕೆ.

ಅಷ್ಟೊತ್ತಿಗೆ ಅಪ್ಪ ದಂಡೆ ಇಳಿದು ನೀರತನಕ ಬಂದಿದ್ದ. ಧೋತರದ ಚುಂಗು ಕೈಯಾಗ ಹಿಡ್ಕೊಂಡು.

"ಎಷ್ಟ ಮಂದಿನ್ನ ಹೇರ್ತೀ ತಮ್ಮಾ?" ಅಂತ ಆ ಹುಡುಗನ್ನ ಕೇಳಿದ.

"ಏನಾಗಂಗಿಲ್ರೀ ಯಜಮಾನ್ರ, ದಿನಾ ಒಯ್ತೀವಿ."

"ಚಕ್ಕಡಿಗೂ ಒಂದ ಲೆಕ್ಕ ಇರ್ತದ. ಎತ್ತಿನ ಮಾರಿ ನೋಡಿ ಹೇರ್ತೀವಿ ನಾವು. ಏ, ಇಳೀರಿ ಇಬ್ರೂ."

ಇಳಿದ್ವಿ. ಇಡೀ ರಾಫ್ಟು ನಮ್ಮನ್ನೇ ನೋಡ್ತಿತ್ತು. ಮೂವತ್ತು ವರ್ಷದ ಮನುಷ್ಯನನ್ನ ಅಪ್ಪ ಕೈ ಹಿಡಿದು ಇಳಿಸಿದ ಆ ವಿಡಿಯೋ ಯಾರದೋ ಫೋನಿನಲ್ಲಿ ಇನ್ನೂ ಇರಬಹುದು. ಅರ್ಧ ದುಡ್ಡು ಮಾತ್ರ ವಾಪಸ್ ಬಂತು. ಆ ರಾಫ್ಟಿಗೆ ಏನೂ ಆಗಲಿಲ್ಲ, ಎಲ್ಲರೂ ಕೂಗ್ತಾ ಚೆನ್ನಾಗೇ ವಾಪಸ್ ಬಂದ್ರು. ಅದನ್ನ ನೋಡಿ ನನ್ನ ಸಿಟ್ಟು ಇನ್ನೂ ಏರಿತು, ಒಂದು ತಾಸು ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ತಂಗಿಯೇ ಹೇಳಿದಳು, "ಅಣ್ಣಾ, ನಿಮ್ಮ ಆಫೀಸಿನ್ಯಾಗ ಟೆಸ್ಟ್ ಮಾಡ್ಲಾರದ ಕೋಡ್ ಒಂದ ಸಲ ಓಡ್ತು ಅಂತ ರಿಲೀಸ್ ಮಾಡ್ತೀರೇನು?" ಉತ್ತರ ಕೊಡೋಕೆ ಆಗಲಿಲ್ಲ. (ಮಾಡ್ತೀವಿ, ಅದು ಬೇರೆ ಮಾತು.)

ಮಧ್ಯಾಹ್ನ ಇನ್ನೊಬ್ಬರ ಹತ್ತಿರ ಹೋದ್ವಿ. ಅಲ್ಲಿ ಎಂಟು ಮಂದಿ, ಜೊತೆಗೆ ಗೈಡ್, ಅಷ್ಟೇ. ಹೆಲ್ಮೆಟ್ ಬಿಗಿಯಾಗಿದೆಯಾ, ಜಾಕೆಟ್ ಮೇಲಕ್ಕೆ ಸರೀತದಾ ಅಂತ ಒಬ್ಬೊಬ್ಬರದೂ ಎಳೆದು ನೋಡಿ ಹತ್ತಿಸಿದ್ರು. ಬಿದ್ದರೆ ಹೇಗೆ ಅಂಗಾತ ತೇಲಬೇಕು, ಕಾಲು ಎತ್ತ ಕಡೆ ಇರಬೇಕು ಅಂತ ದಂಡೆ ಮೇಲೇ ಹೇಳಿಕೊಟ್ರು. ನೀವು ಹೋದಾಗ ಇಷ್ಟನ್ನೂ ನೋಡಿ ಹತ್ತಿ, ಇಲ್ಲದಿದ್ರೆ ಇಳೀರಿ. ನಾಚಿಕೆ ಆಗ್ತದೆ, ಖರೆ.

ಕೂತಿದ್ದಾಗ ಅಪ್ಪ ಸೂಪಾ ಬಗ್ಗೆ ಅಲ್ಲಿನವರನ್ನ ಕೇಳಿ ತಿಳ್ಕೊಂಡಿದ್ದ. ಸೂಪಾ ಅನ್ನೋದು ಒಂದು ಊರು, ತಾಲೂಕಿನ ಕೇಂದ್ರವಾಗಿತ್ತು. ಆ ಊರೇ ಈಗ ನೀರ ಕೆಳಗಿದೆ. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯ್ತು, ಎಷ್ಟೋ ಮಂದಿ ರಾಮನಗರಕ್ಕೆ. ನಮ್ಮ ದೊಡ್ಡ ಅತ್ತಿಯನ್ನ ಕೊಟ್ಟ ಊರು ಕೃಷ್ಣಾ ದಂಡೆಯದು, ಆಲಮಟ್ಟಿ ಹಿನ್ನೀರಿಗೆ ಹೋಯ್ತು. ಹಂಗಾಗಿ ಅಪ್ಪನಿಗೆ ಇದನ್ನ ಬಿಡಿಸಿ ಹೇಳಬೇಕಾಗಿರಲಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನಮ್ಮ ಭಾಗದ ಕೆರೆಗಳಿಗೆ ನೀರು ಬರೋ ಮುಂಚೆ ಅಪ್ಪ ನಾಲ್ಕು ಬೋರ್ ಹೊಡೆಸಿದ್ದ, ನಾಲ್ಕರಲ್ಲಿ ಮೂರು ಬರೀ ಧೂಳು. ಈ ಕಡೆ ನೋಡಿದ್ರೆ ನೀರಿನ ಮೇಲೆ ಆಟ. "ಅಲ್ಲೋ ತಮ್ಮಾ, ಇದು ಮುಂದ ಯಾರ ಹೊಲಕ್ಕ ಹೋಗ್ತದ?" ಅಂದ. ಕಾಳಿ ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರ್ತದೆ, ನಡುವೆ ಒಂದಾದ ಮೇಲೊಂದು ಪವರ್‌ಹೌಸ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ಮೋಟರ್ ನಡಸೂದು ಇದ ನೀರು" ಅಂದ. ಗ್ರಿಡ್ಡಿನ ಲೆಕ್ಕದಲ್ಲಿ ಅದು ಪೂರ್ತಿ ಸುಳ್ಳೇನಲ್ಲ.

ಉಳಿದವನ್ನ ಬೇಗ ಹೇಳ್ತೀನಿ. ಜೀಪ್ ಸಫಾರಿಗೆ ಹೋದ್ವಿ, ಕಾಡುಕೋಣ, ಕೆಂದಳಿಲು, ಜಿಂಕೆ ಕಂಡ್ವು. ಹುಲಿ ನೋಡಲೇಬೇಕು ಅನ್ನೋರು ನಾಗರಹೊಳೆ ಕಡೆ ಹೋಗೋದು ವಾಸಿ. 2015ರಿಂದ ಇದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ ಅಂತಿದ್ರೂ ಕಾಡು ದಟ್ಟ, ಹುಲಿ ಕಡಿಮೆ. ಸಿಂಥೇರಿ ರಾಕ್ಸ್ ತಪ್ಪಿಸಬೇಡಿ. ಕಾನೇರಿ ಹೊಳೆ ಕೊರೆದ, ಸುಮಾರು 300 ಅಡಿ ಎತ್ತರದ ಒಂದೇ ಬಂಡೆ, ಅದರ ಸಂದಿಗಳಲ್ಲಿ ಪಾರಿವಾಳ, ಹೆಜ್ಜೇನು. ಕೆಳಗಿನತನಕ ಮೆಟ್ಟಿಲಿವೆ, ಮೊಣಕಾಲು ನೋವಿರೋ ಹಿರಿಯರನ್ನ ಇಳಿಸೋ ಮುಂಚೆ ಹತ್ತಿಸೋದನ್ನ ಯೋಚನೆ ಮಾಡಿ. ನೀರಿಗೆ ಮಾತ್ರ ಇಳೀಬೇಡಿ, ಸುಮ್ಮನೆ ನಿಂತ ಹಾಗೆ ಕಂಡರೂ ಸುಳಿ ಇರ್ತದೆ. ಕವಳಾ ಗುಹೆಗೆ ನಾವು ಹೋಗಲಿಲ್ಲ, ಅಲ್ಲೂ ಮೆಟ್ಟಿಲೇ. ಉಳಿಯೋಕೆ ಅರಣ್ಯ ಇಲಾಖೆಯ ಕುಳಗಿ ಪ್ರಕೃತಿ ಶಿಬಿರ ಚೆನ್ನಾಗಿದೆ, ಟೆಂಟು, ಸರಳ ಊಟ, ರಾತ್ರಿ ನಿಶ್ಶಬ್ದ. ನಾವು ಮೊದಲ ರಾತ್ರಿ ಬೇರೊಂದು ಕಡೆ ಇದ್ವಿ, ಪಕ್ಕದ ಗುಂಪಿನ ಡಿಜೆ ಹನ್ನೊಂದೂವರೆತನಕ. ಅಂಥ ಕಡೆ ಹೋಗೋಕೆ ಕಾಡಿಗೇ ಬರಬೇಕು ಅಂತೇನಿಲ್ಲ.

ಮೂರನೇ ದಿನದ್ದು ನನ್ನ ಪ್ಲಾನ್‌ನಲ್ಲಿ ಇರಲೇ ಇಲ್ಲ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅವ್ವ ಮೆಲ್ಲಗೆ, "ಇಲ್ಲಿಂದ ಉಳವಿ ದೂರೇನು?" ಅಂತ ಕೇಳಿದಳು. ಅವ್ವನ ತವರು ಬೈಲಹೊಂಗಲ ಕಡೆ. ಧಾರವಾಡ, ಬೆಳಗಾವಿ ಭಾಗದ ರೈತರು ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಚಕ್ಕಡಿ ಕಟ್ಕೊಂಡು ಹೋಗೋದು ಇವತ್ತಿಗೂ ಇದೆ. ಅವ್ವ ಏಳೆಂಟು ವರ್ಷದವಳಿದ್ದಾಗ ಹೋಗಿದ್ದಳಂತೆ. ಮೂವತ್ತು ವರ್ಷದಲ್ಲಿ ನನಗೆ ಒಂದು ಸಲವೂ ಹೇಳಿಲ್ಲ. ನಾನು ಕೇಳಿಲ್ಲ ಅನ್ನೋದೇ ಸರಿ.

ಜೋಯಿಡಾ, ಕುಂಬಾರವಾಡ ದಾಟಿ ಹೋಗೋ ಆ ದಾರಿ ಇಡೀ ಪ್ರವಾಸದಲ್ಲೇ ಚೆಂದದ್ದು. ತಿರುವು ಜಾಸ್ತಿ, ಗಾಡಿ ಕಡಿಮೆ. ಅವ್ವ ಮುಂದಿನ ಸೀಟಿನಲ್ಲಿ ಕೂತು ಹೇಳ್ತಾ ಹೋದಳು. ಹಿಂದಿನ ದಿನದ ರೊಟ್ಟಿ, ಶೇಂಗಾ ಹಿಂಡಿ, ಎತ್ತಿಗೆ ಕಣಿಕೆ, ಎಲ್ಲ ಚಕ್ಕಡಿಯಲ್ಲೇ. ಕತ್ತಲಾದ್ರೆ ಬಯಲು ನೋಡಿ ಎಲ್ಲ ಚಕ್ಕಡಿ ಒಂದು ಕಡೆ ಬಿಡ್ತಿದ್ರು, ನಡುವೆ ಹುಡುಗರನ್ನ ಮಲಗಿಸಿ ಸುತ್ತ ಬೆಂಕಿ. ಘಟ್ಟದ ಏರಿನಲ್ಲಿ ಎಲ್ಲರೂ ಇಳಿದು ನಡೀಬೇಕು, ಎತ್ತಿಗೆ ಭಾರ ಆಗಬಾರದು. ಅಪ್ಪ ಹಿಂದಿನ ಸೀಟಿನಿಂದ ನನ್ನ ಕಡೆ ಕನ್ನಡಿಯಲ್ಲಿ ನೋಡಿದ. ನಾನು ರಸ್ತೆ ನೋಡಿದೆ.

ಉಳವಿಯಲ್ಲಿರೋದು ಚೆನ್ನಬಸವಣ್ಣನ ಸಮಾಧಿ. ಬಸವಣ್ಣನ ಅಕ್ಕ ನಾಗಮ್ಮನ ಮಗ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯಾಗಿ ಸೈನ್ಯ ಬೆನ್ನು ಹತ್ತಿದಾಗ ಶರಣರು ವಚನದ ಕಟ್ಟುಗಳನ್ನ ಹೊತ್ತು ಇಲ್ಲಿಗೆ ಬಂದ್ರು ಅನ್ನೋದು ಪರಂಪರೆಯ ಮಾತು. ಬಸವನಬಾಗೇವಾಡಿ ನಮ್ಮದೇ ಜಿಲ್ಲೆ, ಹಂಗಾಗಿ ಬಯಲಿನವರು ಈ ಕಾಡಿಗೆ ಬರೋದು ನಿನ್ನೆ ಮೊನ್ನೆಯದಲ್ಲ. ಸುತ್ತ ಕಾಡಿನಲ್ಲಿ ಮಹಾಮನೆ ಗವಿ, ಅಕ್ಕ ನಾಗಮ್ಮನ ಗವಿ, ಹರಳಯ್ಯನ ಚಿಲುಮೆ ಇವೆ. ಚಾರಣ ಇಷ್ಟಪಡೋರು ಸ್ಥಳೀಯರನ್ನ ಕರ್ಕೊಂಡು ಹೋಗಿ, ಒಬ್ಬರೇ ಹೋಗಬೇಡಿ. ನಾವು ಚಿಲುಮೆತನಕ ಹೋಗಿ, ದಾಸೋಹದಲ್ಲಿ ಊಟ ಮಾಡಿದ್ವಿ. ಅವ್ವ ಗುಡಿ ಮುಂದಿನ ಬಯಲಿನಲ್ಲಿ ಅತ್ತಿತ್ತ ಓಡಾಡಿ, ಚಕ್ಕಡಿ ಬಿಟ್ಟ ಜಾಗ ಹುಡುಕಿದಳು. "ಇಲ್ಲೇ ಇರಬೇಕು" ಅಂತ ಮೂರು ಕಡೆ ಹೇಳಿದಳು.

ಬರುವಾಗ ಜೋಯಿಡಾದಲ್ಲಿ ಗೆಡ್ಡೆಗೆಣಸು ತಗೊಂಡ್ವಿ. ಅಲ್ಲಿನ ಕುಣಬಿ ಜನ ನಾನಾ ಜಾತಿಯ ಗೆಡ್ಡೆ ಬೆಳೀತಾರೆ, ವರ್ಷಕ್ಕೊಮ್ಮೆ ಅದರದ್ದೇ ಮೇಳ ನಡೀತದೆ. ಸಿಕ್ಕರೆ ಬಿಡಬೇಡಿ, ಬೇಯಿಸಿ ಉಪ್ಪು ಹಾಕಿ ತಿಂದ್ರೆ ಸಾಕು.

ಈಗ ನಾನು ಬೆಂಗಳೂರಿನಲ್ಲಿದ್ದೀನಿ, ಅಪ್ಪ ಊರಲ್ಲಿ. ನಾಲ್ಕು ಜಾತಿ ಮಂಗಟ್ಟೆಯಲ್ಲಿ ಬೂದು ಬಣ್ಣದ್ದೊಂದು ಬಯಲು ಸೀಮೆಯಲ್ಲೂ ಇರ್ತದೆ, ಆಲದ ಹಣ್ಣಿಗೆ ಬರ್ತದೆ ಅಂತ ಆ ಗೈಡ್ ಹುಡುಗ ಅಪ್ಪನಿಗೆ ಹೇಳಿದ್ದ. ಅವತ್ತಿಂದ ಗುಡಿ ಮುಂದಿನ ಆಲದ ಫೋಟೋ ವಾಟ್ಸಾಪಿಗೆ ಬರ್ತಾನೇ ಇವೆ, ಝೂಮ್ ಮಾಡಿ ಮಸುಕಾಗಿದ್ದು. ಕೆಳಗೆ ಒಂದು ವಾಯ್ಸ್ ಮೆಸೇಜ್: "ಇದೇನು ನೋಡು ತಮ್ಮಾ?" ಇಲ್ಲಿತನಕ ಏಳು ಕಾಗೆ, ಎರಡು ಹದ್ದು.